ಡ್ರ್ಯಾಗನ್ ಟ್ರೈನ್: ಕೈ ಎತ್ತುವ ಮೊದಲು ಸರಳನ್ನು ನೋಡಿ

ಮಂಡ್ಯದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಊರಂಚಿನ ಮೈದಾನದಲ್ಲಿ ಹಾಕಿದ್ದ ಎಕ್ಸಿಬಿಷನ್‌ಗೆ ಮೊಮ್ಮಗಳನ್ನು ಕರೆದುಕೊಂಡು ಹೋಗಿ, ಅಲ್ಲಿನ ಡ್ರ್ಯಾಗನ್ ಟ್ರೈನನ್ನು ಎರಡು ಬಾರಿ ಹತ್ತಿ ಇಳಿದೆ. ಈ ಬರಹ ಆ ಒಂದು ಆಟದ ಬಗ್ಗೆ ಮಾತ್ರ. ಜಯಂಟ್ ವೀಲ್, ಕೊಲಂಬಸ್, ಬಾವಿಯೊಳಗೆ ಬೈಕ್ ಓಡಿಸುವವರ ಸಾಹಸ ಎಲ್ಲವೂ ಅಲ್ಲಿದ್ದವು. ಅವುಗಳನ್ನು ನೋಡಿದೆನೇ ಹೊರತು ಹತ್ತಲಿಲ್ಲ. ನಡೆಸುವವರ ಹೆಸರನ್ನೂ ಬರೆಯುತ್ತಿಲ್ಲ. ಲಾರಿಗಳಲ್ಲಿ ಊರಿಂದೂರಿಗೆ ಸಾಗುವ ಇಂಥ ಆಟಗಳು ಮುಂದಿನ ತಿಂಗಳು ಬೇರೊಂದು ಜಾತ್ರೆಯಲ್ಲಿ ಬೇರೊಂದು ಫಲಕದ ಕೆಳಗೆ ನಿಂತಿರುತ್ತವೆ, ಆದ್ದರಿಂದ ಹೆಸರಿಗಿಂತ ಗಾಡಿಯಲ್ಲಿ ಏನನ್ನು ನೋಡಬೇಕು ಎಂಬುದೇ ಓದುವವರಿಗೆ ಉಪಯೋಗಕ್ಕೆ ಬಂದೀತು.

ನಾನು ಮೈಸೂರಿನ ಅಶೋಕಪುರಂ ರೈಲ್ವೆ ಕಾರ್ಯಾಗಾರದಲ್ಲಿ 31 ವರ್ಷ ಬೋಗಿಗಳ ದುರಸ್ತಿ ಮಾಡಿ ನಿವೃತ್ತನಾದವನು. ಹಳಿ, ಗಾಲಿ, ಪಿನ್ನು ಕಂಡರೆ ಬಗ್ಗಿ ನೋಡುವ ಚಾಳಿ ಇನ್ನೂ ಹೋಗಿಲ್ಲ. ಹಾಗಾಗಿ ಟಿಕೆಟ್ ಕೊಂಡು ಸಾಲಿನಲ್ಲಿ ನಿಂತಾಗಲೇ ನಾನು ಹಳಿಯ ಕೀಲುಗಳನ್ನು ಪರೀಕ್ಷಿಸುತ್ತಿದ್ದೆ. ಮೊಮ್ಮಗಳಿಗೆ ನಾಚಿಕೆಯಾಗಿ ಎರಡು ಹೆಜ್ಜೆ ಮುಂದೆ ಸರಿದು ನಿಂತಿದ್ದಳು.

ಮೊದಲು ಮೆಚ್ಚಿಗೆಯ ಮಾತುಗಳನ್ನು ಹೇಳಿಬಿಡುತ್ತೇನೆ. ಒಬ್ಬರಿಗೆ 80 ರೂಪಾಯಿಯ ಟಿಕೆಟ್ಟಿಗೆ ಐದು ಸುತ್ತು ಸಿಗುತ್ತದೆ. ಹಳಿ ಅತಿ ಎತ್ತರದ ಜಾಗದಲ್ಲಿಯೂ ಒಂದಾಳೂವರೆಯನ್ನು ಮೀರುವುದಿಲ್ಲ, ವೇಗ ಸೈಕಲ್ಲನ್ನು ಜೋರಾಗಿ ತುಳಿದಷ್ಟು, ತಲೆಕೆಳಗಾಗುವ ಸುತ್ತು ಎಲ್ಲಿಯೂ ಇಲ್ಲ. ಎರಡನೆಯ ತರಗತಿಯ ಮಗುವಿಗೆ ಮೊದಲ ಅನುಭವವಾಗಿ ಇಷ್ಟು ಧಾರಾಳವಾಗಿ ಸಾಕು. ಹಳಿಯ ಕೆಳಗೆ ಮರದ ದಿಮ್ಮಿಗಳನ್ನು ಸಮವಾಗಿ ಕೊಟ್ಟಿದ್ದರು, ಗಾಡಿ ಹಾದುಹೋಗುವಾಗ ಅವು ಅಲುಗಲಿಲ್ಲ. ಕೀಲುಗಳ ಬೋಲ್ಟುಗಳಿಗೆ ಪಿನ್ ಹಾಕಿದ್ದರು. ಈ ಗಾಡಿಗೆ ಸುತ್ತಿನುದ್ದಕ್ಕೂ ವಿದ್ಯುತ್ ಮೋಟಾರಿನ ಚಾಲನೆ ಇದೆ. ದೊಡ್ಡ ರೋಲರ್ ಕೋಸ್ಟರಿನಂತೆ ತುದಿಗೆ ಎಳೆದು ಭೂಮಿಯ ಆಕರ್ಷಣೆಗೆ ಒಪ್ಪಿಸಿಬಿಡುವ ವ್ಯವಸ್ಥೆ ಅಲ್ಲ. ಆದ್ದರಿಂದ ಮಗು ಅತ್ತರೆ ಗುಂಡಿ ಒತ್ತಿ ನಿಲ್ಲಿಸಬಹುದು, ನಮ್ಮ ಕಣ್ಣೆದುರಿಗೇ ಒಮ್ಮೆ ಹಾಗೆ ನಿಲ್ಲಿಸಿದರು ಕೂಡ.

ನನ್ನ ತಕರಾರು ಮೈಕಿನದು. ಗಾಡಿ ಹೊರಟ ಕೂಡಲೇ ಟಿಕೆಟ್ ಗೂಡಿನಲ್ಲಿದ್ದಾತ ಹಾಡಿನ ಸದ್ದು ತಗ್ಗಿಸಿ, "ಎಲ್ಲರೂ ಕೈ ಮೇಲೆ! ಎರಡೂ ಕೈ ಮೇಲೆ! ಹೆದರಿದವರು ಮಾತ್ರ ಕೈ ಕೆಳಗೆ!" ಎಂದು ಕೂಗಲಾರಂಭಿಸಿದ. ಏಳು ವರ್ಷದ ಮಗುವಿಗೆ ಇದಕ್ಕಿಂತ ದೊಡ್ಡ ಸವಾಲು ಯಾವುದಿದೆ? ನನ್ನ ಮೊಮ್ಮಗಳು ಎರಡೂ ಕೈಗಳನ್ನು ಒಮ್ಮೆಗೇ ಎತ್ತಿದಳು. ನಾನು ಅವಳ ಫ್ರಾಕಿನ ಬೆನ್ನನ್ನು ಬಿಗಿಯಾಗಿ ಹಿಡಿದುಕೊಂಡೆ, ಏಕೆಂದರೆ ಆ ಹೊತ್ತಿನಲ್ಲಿ ಅವಳನ್ನು ಆಸನದಲ್ಲಿ ಹಿಡಿದಿಡಲು ನನ್ನ ಆ ಒಂದು ಕೈಯ ಹೊರತು ಬೇರೇನೂ ಇರಲಿಲ್ಲ.

ಕಾರಣ ಸರಳಿನಲ್ಲಿದೆ. ಆಸನದ ಮುಂದೆ ಮಡಿಲ ಮೇಲೆ ಬಂದು ಕೂರುವ ಕಬ್ಬಿಣದ ಸರಳು ಇಬ್ಬರಿಗೂ ಸೇರಿ ಒಂದೇ. ಅದು ಇಬ್ಬರಲ್ಲಿ ಯಾರ ಹೊಟ್ಟೆ ಮುಂದಿದೆಯೋ ಅವರಿಗೆ ತಾಗಿದೊಡನೆ ನಿಂತುಬಿಡುತ್ತದೆ. ನಿವೃತ್ತಿಯ ನಂತರ ನನ್ನ ಹೊಟ್ಟೆ ಬೆಳೆದಿರುವುದನ್ನು ಒಪ್ಪಿಕೊಳ್ಳುತ್ತೇನೆ. ಅದಕ್ಕೆ ತಾಗಿ ನಿಂತ ಸರಳಿಗೂ ಮಗುವಿನ ತೊಡೆಗೂ ನಡುವೆ ಒಂದು ಗೇಣಿಗಿಂತ ಹೆಚ್ಚು ಜಾಗ ಉಳಿದಿತ್ತು. ಅಷ್ಟು ಸಂದಿಯಲ್ಲಿ ಏಳು ವರ್ಷದ ಮಗು ಎದ್ದು ನಿಲ್ಲಬಲ್ಲದು. ಹೀಗಿರುವಾಗ ಮಗುವನ್ನು ಹಿಡಿದಿರುವುದು ಸರಳಲ್ಲ, ಸರಳನ್ನು ಹಿಡಿದಿರುವ ಮಗುವಿನದೇ ಕೈ. ಆ ಕೈಯನ್ನು ಎತ್ತಿಸಿದರೆ ಮಗುವಿಗೆ ಬೇರೆ ಆಸರೆಯೇ ಉಳಿಯುವುದಿಲ್ಲ.

ಹಾಗೆಂದು ಕೈ ಎತ್ತುವುದೇ ತಪ್ಪು ಎನ್ನುವವರ ಗುಂಪಿಗೆ ನನ್ನನ್ನು ಸೇರಿಸಬೇಡಿ. ಎರಡು ವರ್ಷದ ಹಿಂದೆ ಅಳಿಯನ ಒತ್ತಾಯಕ್ಕೆ ಬಿಡದಿ ಬಳಿಯ ವಂಡರ್‌ಲಾಕ್ಕೆ ಹೋಗಿ, ಅಲ್ಲಿನ ರೀಕಾಯಿಲ್ ಎಂಬ ರೋಲರ್ ಕೋಸ್ಟರನ್ನು ಹತ್ತಿದ್ದೆ. ಗಾಡಿಯನ್ನು ಹಿಂದಕ್ಕೆ ಎತ್ತರಕ್ಕೆಳೆದು ಬಿಡುತ್ತಾರೆ. ಅದು ತಲೆಕೆಳಗಾಗಿಸುವ ಸುತ್ತುಗಳನ್ನು ಒಮ್ಮೆ ಮುಂದಕ್ಕೂ ಮತ್ತೊಮ್ಮೆ ಹಿಂದಕ್ಕೂ ದಾಟಿ ಬಂದು ನಿಲ್ಲುತ್ತದೆ. ಅಲ್ಲಿ ಪ್ರತಿಯೊಬ್ಬರಿಗೂ ಹೆಗಲ ಮೇಲಿಂದ ಇಳಿದು ಎದೆಗೆ ಕೂರುವ ಪ್ರತ್ಯೇಕ ಕವಚವಿತ್ತು. ಮುಂದಕ್ಕೆ ಹೋಗುವಾಗ ನಾನು ಹಿಡಿಗಳನ್ನು ಬೆರಳು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದಿದ್ದೆ. ಹಿಂದಕ್ಕೆ ಬರುವಾಗ ಅಳಿಯ "ಮಾವ, ಕೈ ಬಿಡಿ, ಏನೂ ಆಗಲ್ಲ" ಎಂದು ಕೂಗಿದ್ದಕ್ಕೆ ಬಿಟ್ಟೆ.

ಎರಡಕ್ಕೂ ಇದ್ದ ವ್ಯತ್ಯಾಸವನ್ನು ನಾನು ಈಗಲೂ ನೆನೆಸಿಕೊಳ್ಳುತ್ತೇನೆ. ಹಿಡಿದುಕೊಂಡಾಗ ಭುಜ, ಕತ್ತು, ಹೊಟ್ಟೆ ಎಲ್ಲವೂ ಕಲ್ಲಾಗಿದ್ದವು, ಮೈ ಪ್ರತಿ ಇಳಿಜಾರಿನೊಡನೆ ಜಗಳವಾಡುತ್ತಿತ್ತು. ಕೈ ಬಿಟ್ಟೊಡನೆ ಆ ಬಿಗಿ ಸಡಿಲಿತು. ಇಳಿಜಾರಿನಲ್ಲಿ ಆಸನ ಕೆಳಗೆ ಜಾರುವಾಗ ಮೈ ಕ್ಷಣಕಾಲ ತೂಕ ಕಳೆದುಕೊಂಡು ತೇಲುತ್ತದೆ. ಹೊಟ್ಟೆಯೊಳಗೆ ಏನೋ ಮೇಲೆದ್ದಂತಾಗುವುದು ಆಗಲೇ. ಸರಳನ್ನು ಜಗ್ಗಿ ಹಿಡಿದವನು ಆ ತೇಲುವಿಕೆಯನ್ನು ತಾನೇ ಒತ್ತಿ ಕೆಡಿಸಿಕೊಳ್ಳುತ್ತಾನೆ. ಕೊಟ್ಟ ದುಡ್ಡಿಗೆ ಪೂರ್ತಿ ಸುಖ ಸಿಗಬೇಕಾದರೆ ಕೈ ಎತ್ತಬೇಕು, ಇದರಲ್ಲಿ ನನಗೆ ಸಂಶಯವಿಲ್ಲ.

ಆದರೆ ಎತ್ತಿದ ಕೈ ಎತ್ತಿದಂತೆಯೇ ಉಳಿಯುವುದೂ ಇಲ್ಲ. ಇಳಿಜಾರು ಮುಗಿದು ತಗ್ಗಿನಲ್ಲಿ ಗಾಡಿ ಮೇಲಕ್ಕೆ ತಿರುಗುವಾಗ ಮೈಯ ತೂಕ ಮೂರು ಪಟ್ಟಾದರೆ, 60 ಕಿಲೊ ತೂಗುವ ಮನುಷ್ಯನ ಸುಮಾರು 3 ಕಿಲೊ ತೂಕದ ಒಂದೊಂದು ತೋಳು 9 ಕಿಲೊ ತೂಗಿದಂತಾಗುತ್ತದೆ. ನನ್ನ ಕೈಗಳು ತಾವಾಗಿಯೇ ಮಡಿಲಿಗೆ ಬಿದ್ದಿದ್ದವು. ಪಕ್ಕಕ್ಕೆ ಒಗೆಯುವ ತಿರುವುಗಳಲ್ಲಂತೂ ಕೈ ಎತ್ತಿ ಗಳಿಸುವುದೇನೂ ಇಲ್ಲ. ಹಿಡಿದುಕೊಳ್ಳದಿದ್ದರೆ ಪಕ್ಕೆಲುಬು ಆಸನದ ಅಂಚಿಗೆ ಬಡಿಯುತ್ತದೆ ಅಷ್ಟೆ. ಇಳಿಜಾರಿಗೆ ಎತ್ತಿ, ತಿರುವಿಗೆ ಹಿಡಿಯುವುದು ನನ್ನ ಪದ್ಧತಿ. ಸಾಧ್ಯವಿದ್ದರೆ ಹಿಂದಿನ ಡಬ್ಬಿಯಲ್ಲಿ ಕುಳಿತುಕೊಳ್ಳಿ. ಮುಂದಿನ ಡಬ್ಬಿಗಳು ಆಗಲೇ ಇಳಿಯುತ್ತಾ ಹಿಂದಿನದನ್ನು ಸೆಳೆದುಕೊಳ್ಳುವುದರಿಂದ, ಕೊನೆಯ ಡಬ್ಬಿ ತುದಿಯನ್ನು ಹೆಚ್ಚು ವೇಗದಲ್ಲಿ ದಾಟುತ್ತದೆ, ತೇಲುವ ಸುಖವೂ ಅಲ್ಲಿಯೇ ಹೆಚ್ಚು.

ಗಾಲಿಯ ವಿಷಯವನ್ನು ಇಲ್ಲಿ ಹೇಳದಿದ್ದರೆ ನನ್ನ ಹಳೆಯ ಸಹೋದ್ಯೋಗಿಗಳು ಕ್ಷಮಿಸುವುದಿಲ್ಲ. ನಮ್ಮ ರೈಲು ಬೋಗಿಯನ್ನು ಹಳಿಯ ಮೇಲೆ ನಿಲ್ಲಿಸುವುದು ಅದರ ಭಾರ ಮತ್ತು ಗಾಲಿಯ ಒಳಅಂಚಿನ ಫ್ಲ್ಯಾಂಜ್ ಮಾತ್ರ. ಅದನ್ನು ಮೇಲಕ್ಕೆ ಎತ್ತಿದರೆ ತಡೆಯುವವರಿಲ್ಲ. ಅಮೆರಿಕದ ಕೋನಿ ಐಲೆಂಡಿನಲ್ಲಿ 1884ರಲ್ಲಿ ಲಾಮಾರ್ಕಸ್ ಥಾಂಪ್ಸನ್ ಎಂಬಾತ 5 ಸೆಂಟ್ ಪಡೆದು ಜನರನ್ನು ಏರಿಳಿತದ ಹಳಿಯ ಮೇಲೆ ಓಡಿಸಿದಾಗ ವೇಗ ಗಂಟೆಗೆ ಸುಮಾರು 10 ಕಿಲೊಮೀಟರ್ ಇದ್ದದ್ದರಿಂದ ಆ ಚಿಂತೆಯೂ ಇರಲಿಲ್ಲ. ಮುಂದೆ ವೇಗ ಹೆಚ್ಚಿದಂತೆ ಗಾಡಿ ತುದಿಯಲ್ಲಿ ಹಳಿ ಬಿಟ್ಟು ಹಾರುವ ಭಯ ಬಂತು. ಜಾನ್ ಮಿಲ್ಲರ್ ಎಂಬ ತಂತ್ರಜ್ಞ ಹಳಿಯ ಕೆಳಗೂ ಗಾಲಿ ಕೂರಿಸುವ ಉಪಾಯಕ್ಕೆ 1919ರಲ್ಲಿ ಪೇಟೆಂಟ್ ಪಡೆದ. ಮೇಲೆ, ಪಕ್ಕದಲ್ಲಿ, ಕೆಳಗೆ ಹೀಗೆ ಮೂರು ಕಡೆಯಿಂದ ಹಳಿಯನ್ನು ಅಪ್ಪಿ ಹಿಡಿದ ಮೇಲೆ ಗಾಡಿಯನ್ನು ಕಡಿದಾದ ತುದಿಗಳಲ್ಲಿಯೂ ಧೈರ್ಯವಾಗಿ ಓಡಿಸುವಂತಾಯಿತು. ಗಾಡಿ ಹಳಿ ಬಿಡದು ಎಂದಾದ ಮೇಲೆ ಉಳಿಯುವ ಪ್ರಶ್ನೆ ಕುಳಿತವರು ಆಸನ ಬಿಟ್ಟು ಏಳುತ್ತಾರೆಯೇ ಎಂಬುದು. ಅದಕ್ಕೆ ಉತ್ತರ ಕೊಡಬೇಕಾದದ್ದು ಸರಳು ಅಥವಾ ಕವಚ. ಅಮೆರಿಕದ ಎಎಸ್‌ಟಿಎಂ ಸಂಸ್ಥೆಯ ಎಫ್ 2291 ಎಂಬ ಮಾನದಂಡದಲ್ಲಿ ಈ ತಡೆಗಳನ್ನು ಐದು ದರ್ಜೆಗಳಾಗಿ ವಿಂಗಡಿಸಿದ್ದಾರೆ. ಮೊದಲ ದರ್ಜೆಯೆಂದರೆ ತಡೆಯೇ ಇಲ್ಲ. ಐದನೆಯದು ಅತ್ಯಂತ ಭದ್ರವಾದದ್ದು. ಮಂಡ್ಯದ ಮೈದಾನದಲ್ಲಿ ದರ್ಜೆಗಳನ್ನು ಕೇಳಿದರೆ ನಗುತ್ತಾರೆ, ಆದರೆ ಸರಳನ್ನು ಎರಡೂ ಕೈಯಿಂದ ಮೇಲಕ್ಕೆ ತಳ್ಳಿ ಅದು ಏಳುತ್ತದೆಯೇ ಎಂದು ನೋಡಲು, ತೊಡೆಗೂ ಅದಕ್ಕೂ ನಡುವೆ ಎಷ್ಟು ಬೆರಳು ತೂರುತ್ತವೆ ಎಂದು ಅಳೆಯಲು ಯಾರ ಅಪ್ಪಣೆಯೂ ಬೇಕಿಲ್ಲ. ಎರಡು ಬೆರಳು ತೂರಿದರೆ ನಾನು ಒಪ್ಪುತ್ತೇನೆ. ಗೇಣು ತೂರಿದರೆ ಕೈ ಕೆಳಗೆ.

ಇನ್ನೊಂದು ಸಂಗತಿ ಮೊದಲ ಸುತ್ತಿನಲ್ಲಿ ನನ್ನ ಗಮನಕ್ಕೂ ಬಂದಿರಲಿಲ್ಲ. ರೈಲಿನ ಕಿಟಕಿಯ ಬಳಿ ಕೈ, ತಲೆ ಹೊರಗೆ ಹಾಕಬೇಡಿ ಎಂದು ಬರೆದಿರುವುದನ್ನು ನಾವೆಲ್ಲ ಓದಿದ್ದೇವೆ. ಓಡುವ ಬೋಗಿಯ ಸುತ್ತ ಕಂಬ, ಗೋಡೆ, ಸೇತುವೆಯ ಚೌಕಟ್ಟು ಎಷ್ಟು ದೂರದಲ್ಲಿರಬೇಕು ಎಂಬುದಕ್ಕೆ ರೈಲ್ವೆಯಲ್ಲಿ ಕಟ್ಟುನಿಟ್ಟಾದ ಅಳತೆಗಳಿವೆ, ಆದರೆ ಆ ಅಳತೆಗಳು ಬೋಗಿಗೆ, ಹೊರಚಾಚಿದ ಕೈಗೆ ಅಲ್ಲ. ದೊಡ್ಡ ರೋಲರ್ ಕೋಸ್ಟರುಗಳಲ್ಲಿ ಮಾತ್ರ ಕುಳಿತವರ ಕೈ ಎಲ್ಲಿಯವರೆಗೆ ಚಾಚಬಹುದೋ ಅಲ್ಲಿಯವರೆಗಿನ ಜಾಗವನ್ನೂ ಲೆಕ್ಕಕ್ಕೆ ಹಿಡಿದು ಕಂಬಗಳನ್ನು ನಿಲ್ಲಿಸುತ್ತಾರೆ. ಅಷ್ಟು ಅಗಲದ ಚೌಕಟ್ಟನ್ನು ಗಾಡಿಗೆ ಕಟ್ಟಿ ಹಳಿಯುದ್ದಕ್ಕೂ ಎಳೆದು, ಎಲ್ಲಿಯೂ ತಾಗದೆಂದು ಖಚಿತಪಡಿಸಿಕೊಳ್ಳುವ ಪದ್ಧತಿಯೂ ಇದೆ. ಹೀಗಿದ್ದೂ ಬಹುತೇಕ ಉದ್ಯಾನಗಳ ಫಲಕಗಳು ಕೈಕಾಲು ಒಳಗೇ ಇರಲಿ ಎಂದು ಹೇಳುತ್ತವೆ.

ಊರಿಂದೂರಿಗೆ ಸಾಗುವ ಆಟದಲ್ಲಿ ಹಳಿ ಅದೇ ಇರಬಹುದು, ಸುತ್ತಲಿನ ಮೈದಾನ ಪ್ರತಿ ಬಾರಿಯೂ ಹೊಸದು. ನಮ್ಮ ಡ್ರ್ಯಾಗನ್ ಟ್ರೈನಿನ ಎರಡನೆಯ ತಿರುವಿನಲ್ಲಿ, ಪಕ್ಕದ ಬಜ್ಜಿ ಅಂಗಡಿಯವರು ತಮ್ಮ ಫ್ಲೆಕ್ಸ್ ಬ್ಯಾನರಿನ ಒಂದು ತುದಿಯನ್ನು ಸೀರಿಯಲ್ ದೀಪಗಳ ಗಳುವಿಗೆ ಕಟ್ಟಿದ್ದರು. ಕುಳಿತಿದ್ದ ನನ್ನ ತಲೆಗೆ ಅದರಿಂದ ಏನೂ ತೊಂದರೆ ಇರಲಿಲ್ಲ. ಆದರೆ ನಾನು ಕೈ ಎತ್ತಿದ್ದರೆ ಬೆರಳುಗಳು ಗಳುವಿನ ಕಟ್ಟುತಂತಿಗೆ ತಾಗುವಷ್ಟು ಹತ್ತಿರವಿತ್ತು. ಮೊಮ್ಮಗಳ ಕೈ ಗಿಡ್ಡವಾದ್ದರಿಂದ ಪಾರಾಯಿತು. ನಮ್ಮ ಮುಂದಿನ ಡಬ್ಬಿಯಲ್ಲಿದ್ದ ಕಾಲೇಜು ಹುಡುಗನ ಕೈ ಬ್ಯಾನರನ್ನು ಸವರಿಕೊಂಡೇ ಹೋಯಿತು. ಅವನಿಗೆ ಅದೊಂದು ತಮಾಷೆಯಾಗಿ ಕಂಡಿತು. ಅವನ ಪಕ್ಕದಲ್ಲಿ ಕೈತುಂಬ ಗಾಜಿನ ಬಳೆ ತೊಟ್ಟಿದ್ದ ಹುಡುಗಿಯೂ ಕೈ ಎತ್ತಿದ್ದಳು.

ಇಳಿದ ಮೇಲೆ ಮೈಕಿನಾತನ ಬಳಿ ಹೋಗಿ ಎರಡೂ ವಿಷಯಗಳನ್ನು ಹೇಳಿದೆ. "ಏನಾಗಲ್ಲ ಯಜಮಾನ್ರೇ, ದಿನಾ ಎಷ್ಟು ಜನ ಹತ್ತಿ ಇಳೀತಾರೆ" ಎಂದ. ಇದು ನಾನು ಕಾರ್ಯಾಗಾರದಲ್ಲಿಯೂ ಕೇಳಿರುವ ಮಾತು. ಸವೆದ ಪಿನ್ನಿನ ಪರವಾಗಿ ಯಾವಾಗಲೂ ಇದೇ ವಾದ ಬರುತ್ತದೆ. ಆದರೆ ಸರಳು ಮುಚ್ಚುವ ಹುಡುಗನ ಬಗ್ಗೆ ಒಳ್ಳೆಯ ಮಾತನ್ನೇ ಹೇಳಬೇಕು. ಮಗುವನ್ನು ಅವಳದೇ ಗಾತ್ರದ ಇನ್ನೊಂದು ಮಗುವಿನ ಜೊತೆ ಕೂರಿಸಪ್ಪ ಎಂದು ಕೇಳಿದ್ದಕ್ಕೆ, ಅವನು ಒಂದು ಮಾತೂ ಆಡದೆ ಸಾಲಿನಿಂದ ಎಂಟು ವರ್ಷದ ಹುಡುಗಿಯೊಬ್ಬಳನ್ನು ಕರೆದು ಜೋಡಿ ಮಾಡಿದ. ಆಗ ಸರಳು ಇಬ್ಬರ ತೊಡೆಗೂ ತಾಗಿ ಕುಳಿತಿತು. ನಾನು ಬೇರೆ ಡಬ್ಬಿಯಲ್ಲಿ ಒಬ್ಬನೇ ಕುಳಿತೆ. ಮಕ್ಕಳೊಂದಿಗೆ ಹೋಗುವ ದಪ್ಪ ಮೈಯ ಅಪ್ಪಂದಿರು, ತಾತಂದಿರು ಇದನ್ನು ಗಮನಿಸಬೇಕು: ಒಂದೇ ಸರಳಿನ ಗಾಡಿಯಲ್ಲಿ ನಾವು ಪಕ್ಕದಲ್ಲಿ ಕುಳಿತು ಮಗುವಿಗೆ ಮಾಡುವ ಉಪಕಾರಕ್ಕಿಂತ ಅಪಕಾರವೇ ಹೆಚ್ಚು.

ಚುರುಮುರಿ ಪೊಟ್ಟಣ ಹಿಡಿದು ಬೆಂಚಿನ ಮೇಲೆ ಕುಳಿತಿದ್ದ ನಮ್ಮ ಮನೆಯವರಿಗೆ ಈ ಚರ್ಚೆಯೆಲ್ಲ ಅತಿಯಾಗಿ ಕಂಡಿತು. "ಕೈ ಎತ್ತುದ್ರೆ ಟಿಕೆಟ್ ದುಡ್ಡು ವಾಪಸ್ ಕೊಡ್ತಾರಾ?" ಎಂದು ಒಂದೇ ಪ್ರಶ್ನೆ ಕೇಳಿದರು.

ಐದಕ್ಕೆ ಮೂರು ಅಂಕ ಕೊಡುತ್ತೇನೆ. ಹಳಿಗೂ ಆ ಹುಡುಗನಿಗೂ ಪೂರ್ತಿ ಅಂಕ. ಕಳೆದದ್ದು ಒಂದು ಸರಳಿಗೆ, ಒಂದು ಮೈಕಿಗೆ. ಸಂಜೆ ಏಳರ ನಂತರ ಸಾಲು ಉದ್ದವಾಗುತ್ತದೆ, ಐದೂವರೆಗೆ ಹೋದರೆ ಕಾಯಬೇಕಾಗಿಲ್ಲ, ಬೆಳಕಿರುವುದರಿಂದ ಹಳಿಯ ಮೇಲೆ ಏನೇನು ತೂಗುತ್ತಿದೆ ಎಂಬುದೂ ಕಾಣುತ್ತದೆ. ಕನ್ನಡಕ, ಮೊಬೈಲುಗಳನ್ನು ಕೆಳಗಿರುವವರ ಕೈಗೆ ಕೊಟ್ಟು ಹತ್ತುವುದು ಮೇಲು.

ಮರುಭಾನುವಾರ ಮತ್ತೆ ಹೋಗಿದ್ದೆವು. ಬ್ಯಾನರನ್ನು ಬಿಚ್ಚಿ ಅಂಗಡಿಯ ಮುಂಭಾಗಕ್ಕೆ ಕಟ್ಟಿದ್ದರು; ನನ್ನ ಮಾತಿನಿಂದಲೋ ಬಜ್ಜಿಯವರಿಗೆ ಗಿರಾಕಿಗಳು ಕಾಣದಿದ್ದರಿಂದಲೋ ತಿಳಿಯದು. ಮೈಕಿನ ಕೂಗು ಹಾಗೆಯೇ ಇತ್ತು. ಮೊಮ್ಮಗಳು ತನ್ನ ಗಾತ್ರದ ಜೊತೆಗಾತಿಯನ್ನು ತಾನೇ ಹುಡುಕಿಕೊಂಡು ಹತ್ತಿದಳು, ಸರಳನ್ನು ಒಮ್ಮೆ ಮೇಲಕ್ಕೆ ತಳ್ಳಿ ನೋಡಿದಳು, ಇಳಿಜಾರಿನಲ್ಲಿ ಒಂದು ಕೈ ಎತ್ತಿದಳು. ಇನ್ನೊಂದು ಕೈ ಸರಳಿನ ಮೇಲೆಯೇ ಇತ್ತು. ಎರಡನೆಯ ಟಿಕೆಟ್ಟಿಗೆ ದುಡ್ಡು ಕೇಳುವ ಹೊತ್ತಿಗೆ ಅಜ್ಜಿಯ ಚುರುಮುರಿ ಮುಗಿದಿತ್ತು, ಹೊರಟೆವು.