ಅಡಿಕೆ ಸುಲಿಯುತ್ತಾ ಕೇಳಿದ ಜಪಾನಿ ಹಾಡುಗಳು

ಮಳೆ ಬಿಟ್ಟು ತೀರ್ಥಹಳ್ಳಿ ಕಡೆ ಅಡಿಕೆ ಕೊಯ್ಲು ಶುರುವಾಗಿದೆ. ರಾತ್ರಿ ಮೆಟ್ಟುಗತ್ತಿ ಮುಂದೆ ಕೂತು ಸುಲಿಯುತ್ತಾ, ಮೊಬೈಲ್ ಆ್ಯಪ್ ಒಂದರಲ್ಲಿ ಸಿಕ್ಕಿದ ಜಪಾನಿ ಶರತ್ಕಾಲದ ಹಾಡುಗಳ ಪ್ಲೇಲಿಸ್ಟನ್ನು ಮೂರು ದಿನ ಸುಮ್ನೆ ಹಾಕಿಟ್ಟಿದ್ದೆ.

ಇಡೀ ಪಟ್ಟಿಯಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ಯಮಗುಚಿ ಮೊಮೊಯೆ 1977ರಲ್ಲಿ ಹಾಡಿದ 'ಕಾಸ್ಮೋಸು'. ಬರೆದು ರಾಗ ಹಾಕಿದವರು ಸಾದಾ ಮಸಾಶಿ. ಕಾಸ್ಮಾಸ್ ಹೂವಿನ ಕಾಲ, ನಾಳೆ ಮದುವೆಯಾಗಿ ಹೊರಡುವ ಮಗಳು, ಅಂಗಳದಲ್ಲಿ ಒಮ್ಮೆ ಕೆಮ್ಮುವ ತಾಯಿ, ಹಳೇ ಫೋಟೋ ಆಲ್ಬಮ್, ಅಷ್ಟೇ ಕಥೆ. ಅರ್ಥ ಹೇಳಿದೆ. ಚಿಕ್ಕಮ್ಮನ ಕೈ ಅರ್ಧ ಸುಲಿದ ಅಡಿಕೆ ಮೇಲೇ ನಿಂತಿತು. "ನಮ್ಮನೆ ಕಥೆನೇ ಅಲ್ವನಾ ಮಾರಾಯಾ" ಅಂದರು.

ತಕೆಉಚಿ ಮರಿಯಾ ಅವರ 1979ರ 'ಸೆಪ್ಟೆಂಬರ್' ಬೇರೆಯದೇ ರುಚಿ. ಮಾತೆಲ್ಲ ಮುರಿದ ಪ್ರೀತಿಯದ್ದು, ತಾಳ ಮಾತ್ರ ಕಾಲು ಕುಣಿಸುತ್ತದೆ.

ಬೇಜಾರಾಗಿದ್ದು ಆ್ಯಪಿನ ಮೇಲೆ. ಎರಡು ಹಾಡಿಗೊಮ್ಮೆ ಜಾಹೀರಾತು ಕಿರುಚುತ್ತದೆ, ಕೈಗೆ ಅಡಿಕೆ ಚೊಗರು ಮೆತ್ತಿಕೊಂಡಿರುವಾಗ ಅದನ್ನು ಒತ್ತಿ ನಿಲ್ಲಿಸೋದು ಹೇಗೆ? ಕೊನೆಯಲ್ಲಿ ಒಂದು ಕ್ರಿಸ್‌ಮಸ್ ಹಾಡನ್ನೂ ತುರುಕಿದ್ದಾರೆ. ಹಾಡುಗಳಿಗೆ ಐದಕ್ಕೆ ನಾಲ್ಕೂವರೆ, ಆ್ಯಪಿಗೆ ಎರಡು ಕೊಟ್ಟರೂ ಜಾಸ್ತಿ.