ಹರಿಗೋಲು ಸೋರಿದರೆ: ಡಾಂಬರು ತೇಪೆಯೋ, ಅಂಟುಪಟ್ಟಿಯೋ?

ತುಂಗಭದ್ರಾ ನದಿಯ ಆನೆಗೊಂದಿ ದಡದಲ್ಲಿ ಹರಿಗೋಲಿನ ತಳ ಬಂಡೆಗೆ ಉಜ್ಜಿ ಹರಿದರೆ ಯಾವ ತೇಪೆ ಹಾಕಬೇಕು ಎಂದು ಕೇಳಿದ್ದೀರಿ. 1520ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಕಂಡ ದುಂಡು ದೋಣಿಗಳಿಗೆ ಚರ್ಮದ ಹೊದಿಕೆಯಿತ್ತು. ಇಂದಿನವಕ್ಕೆ ಬಿದಿರ ಹೆಣಿಗೆಯ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು.

ಖರ್ಚಿನಲ್ಲಿ ಡಾಂಬರು ಹಗುರ. ಹಳೆಯ ಹತ್ತಿಬಟ್ಟೆ ಮನೆಯಲ್ಲೇ ಸಿಗುತ್ತದೆ. ಆದರೆ ಒಲೆ, ಸೌದೆ, ಡಬ್ಬಿ ಬೇಕು, ಕೈ ಸುಡುವ ಭಯವೂ ಉಂಟು. ಕುದಿಯುವ ಡಾಂಬರನ್ನು ನೇರವಾಗಿ ಸುರಿಯಲೇಬೇಡಿ, ಹಾಳೆ ಕರಗಿ ತೂತು ದೊಡ್ಡದಾಗುತ್ತದೆ. ಸ್ವಲ್ಪ ಆರಿಸಿ ತೆಳುವಾಗಿ ಬಳಿದು, ಹರಿದ ಜಾಗಕ್ಕಿಂತ ನಾಲ್ಕು ಬೆರಳು ಅಗಲದ ಬಟ್ಟೆ ಒತ್ತಿ, ಮೇಲೆ ಇನ್ನೊಮ್ಮೆ ಬಳಿಯಿರಿ.

ಜಲನಿರೋಧಕ ಅಂಟುಪಟ್ಟಿಗೆ ಬೆಂಕಿ ಬೇಡ, ಕೆಲವೇ ನಿಮಿಷದ ಕೆಲಸ. ಅದು ಕೇಳುವುದು ಒಣಗಿದ, ಮಣ್ಣಿಲ್ಲದ ಮೈ. ಹಳೆಯ ಡಾಂಬರು ಸಡಿಲವಾಗಿದ್ದರೆ ಪಟ್ಟಿ ಅದರೊಂದಿಗೇ ಕಿತ್ತು ಬರುತ್ತದೆ, ಆದ್ದರಿಂದ ಮೊದಲು ಹೆರೆಯಿರಿ.

ಬಾಳಿಕೆಯಲ್ಲಿ, ಬಂಡೆಗಳ ನಡುವೆ ದಿನವೂ ಓಡುವ ಹರಿಗೋಲಿಗೆ ನಾನು ಡಾಂಬರನ್ನೇ ನಂಬುತ್ತೇನೆ. ಬೇಸಿಗೆಯ ಬಿಸಿಲಿಗೆ ಅದೂ ಮೆತ್ತಗಾಗುತ್ತದೆ, ನೆರಳಿನಲ್ಲಿ ಕವುಚಿ ಇಡಿ. ಮೀನಿನ ಬಲೆ ಹಾಕಿ ದೂರ ಹೋದಾಗ ಸೀಳು ಬಿಟ್ಟರೆ ಪಟ್ಟಿಯೇ ದಡ ಸೇರಿಸುತ್ತದೆ. ಬಿದಿರೇ ಮುರಿದಿದ್ದರೆ ಎರಡೂ ಸಾಲದು. ಒಳಗಿನಿಂದ ಹೊಸ ಬಿದಿರ ಸೀಳು ಹೆಣೆದ ಮೇಲೆಯೇ ತೇಪೆ.