‘ಫಾರಿನ್ ಅಡ್ರೆಸ್’ ನೋಡಿ ಹೆದರಿ ಹಣ ಕಳೆದುಕೊಂಡೆ, ನೀವು ಹೆದರಬೇಡಿ

ಫೋನಿನಲ್ಲಿ ಮಾತನಾಡಿದವನು ಒರಟನಾಗಿರಲಿಲ್ಲ, ಅವಸರವನ್ನೂ ಮಾಡಲಿಲ್ಲ. ಅದೇ ನನಗೆ ಮುಳುವಾಯಿತು. ಇಂಟರ್ನೆಟ್ ಸಂಪರ್ಕ ಕೊಡುವ ಕಂಪನಿಯ ತಾಂತ್ರಿಕ ವಿಭಾಗದವನೆಂದು ಹೇಳಿಕೊಂಡ. “ನಿಮ್ಮ ಐಪಿ ವಿಳಾಸವನ್ನು, ಅಂದರೆ ಜಾಲದಲ್ಲಿ ನಿಮ್ಮ ಕಂಪ್ಯೂಟರನ್ನು ಗುರುತಿಸುವ ಸಂಖ್ಯೆಯನ್ನು, ಯಾರೋ ದುರುಪಯೋಗ ಮಾಡುತ್ತಿದ್ದಾರೆ ಮೇಡಂ. ನನ್ನನ್ನು ನಂಬಬೇಡಿ, ನೀವೇ ಪರೀಕ್ಷಿಸಿ. ಅದು 192.168ರಿಂದ ಶುರುವಾಗುತ್ತದೆ, ಹೌದೋ ಅಲ್ಲವೋ ನೋಡಿ” ಎಂದ. ಅವನು ಹೇಳಿಕೊಟ್ಟಂತೆ ಕಂಪ್ಯೂಟರಿಗೆ ಆಜ್ಞೆ ಟೈಪ್ ಮಾಡುವ ಕಪ್ಪು ಕಿಟಕಿಯೊಂದನ್ನು ತೆರೆದು ‘ಐಪಿಕಾನ್ಫಿಗ್’ ಎಂದು ಟೈಪ್ ಮಾಡಿದೆ. 192.168.1.7 ಎಂದು ಬಂತು. ನನ್ನ ಮೇಜಿನ ಮೇಲಿನ ಕಂಪ್ಯೂಟರಿನ ಸಂಖ್ಯೆ ಎಲ್ಲೋ ಕುಳಿತ ಇವನಿಗೆ ಗೊತ್ತಿದೆಯಲ್ಲ! ಅಲ್ಲಿಗೆ ನನ್ನ ಅನುಮಾನವೆಲ್ಲ ಕರಗಿತು.

ಕಣಿ ಹೇಳುವವರು “ನಿಮ್ಮ ಮನಸ್ಸಿನಲ್ಲೊಂದು ಚಿಂತೆ ಇದೆ” ಎನ್ನುತ್ತಾರಲ್ಲ, ಇದೂ ಅಷ್ಟೇ. 192.168ರಿಂದ ಶುರುವಾಗುವ ವಿಳಾಸಗಳು ಮನೆ, ಕಚೇರಿಗಳ ಒಳಜಾಲಕ್ಕೆಂದೇ ಮೀಸಲಾದವು. ಇಂಟರ್ನೆಟ್ಟಿನ ತಾಂತ್ರಿಕ ನಿಯಮಗಳನ್ನು ಬರೆದಿಡುವ ದಾಖಲೆಗಳಲ್ಲೊಂದಾದ 1996ರ ಆರ್‌ಎಫ್‌ಸಿ 1918ರಲ್ಲೇ ಹಾಗೆ ಗೊತ್ತುಮಾಡಿದ್ದಾರೆ. ಮನೆಗಳಲ್ಲಿರುವ ಬಹಳಷ್ಟು ರೌಟರುಗಳು ಹಂಚುವುದು ಇದನ್ನೇ. ನನ್ನ ಕಂಪ್ಯೂಟರಿನ ವಿಳಾಸವೇ ಇನ್ನೆಷ್ಟೋ ಮನೆಗಳ ಕಂಪ್ಯೂಟರುಗಳಿಗೂ ಇರುತ್ತದೆ, ಒಂದಕ್ಕೊಂದು ಅಡ್ಡಬರುವುದಿಲ್ಲ. ಹೊರಜಗತ್ತಿಗೆ ಕಾಣುವ ವಿಳಾಸ ಬೇರೆಯೇ ಇದೆ, ಆ ಸಂಖ್ಯೆಯನ್ನು ಅವನು ಹೇಳಲೇ ಇಲ್ಲ.

ಆಮೇಲೆ “ಡಿಫಾಲ್ಟ್ ಗೇಟ್‌ವೇ ಎಂಬ ಸಾಲಿನಲ್ಲಿ ಸಂಖ್ಯೆ ಕಾಣಿಸುತ್ತಿದೆಯೇ? ಅಯ್ಯೋ, ನಿಮ್ಮ ಗೇಟ್ ತೆರೆದೇ ಇದೆ” ಎಂದು ಮರುಗಿದ. ಗೇಟ್‌ವೇ ಎನ್ನುವುದು ನಮ್ಮದೇ ರೌಟರು. ಆ ಸಾಲು ಖಾಲಿಯಿದ್ದರೆ ಇಂಟರ್ನೆಟ್ಟೇ ಬರುವುದಿಲ್ಲ.

ನಿಜವಾದ ಆಟ ನಡೆದದ್ದು ಮುಂದಿನ ಆಜ್ಞೆಯಲ್ಲಿ. ‘ನೆಟ್‌ಸ್ಟ್ಯಾಟ್’ ಎಂದು ಟೈಪ್ ಮಾಡಿಸಿದ. ಪರದೆಯ ತುಂಬ ಸಾಲುಸಾಲಾಗಿ ಸಂಖ್ಯೆಗಳು ಇಳಿಯತೊಡಗಿದವು. ಒಂದು ಕಾಲಂನ ತಲೆಯ ಮೇಲೆ ‘ಲೋಕಲ್ ಅಡ್ರೆಸ್’, ಪಕ್ಕದಲ್ಲಿ ‘ಫಾರಿನ್ ಅಡ್ರೆಸ್’, ಕೊನೆಯಲ್ಲಿ ‘ಎಸ್ಟಾಬ್ಲಿಷ್ಡ್’ ಎಂಬ ಪದ ಮತ್ತೆ ಮತ್ತೆ. “ಇವರೆಲ್ಲ ವಿದೇಶದಿಂದ ನಿಮ್ಮ ಕಂಪ್ಯೂಟರಿಗೆ ನುಗ್ಗಿದವರು ಮೇಡಂ. ಎಸ್ಟಾಬ್ಲಿಷ್ಡ್ ಎಂದರೆ ಒಳಗೆ ಬೇರೂರಿದ್ದಾರೆ ಎಂದು. ಎಷ್ಟು ಜನ ಇದ್ದಾರೆ, ಎಣಿಸಿ ಹೇಳಿ.” ನಾನು ಎಣಿಸಿದೆ! ಹದಿನೇಳು. ಎಣಿಸುತ್ತಾ ಹೋದಂತೆ ಕೈ ತಣ್ಣಗಾಯಿತು.

ಆ ಹದಿನೇಳು ಜನ ಯಾರೆಂದು ಮರುದಿನ ತಂಗಿಯ ಮಗಳು ಬಿಡಿಸಿ ಹೇಳಿದಳು. “ದೊಡ್ಡಮ್ಮ, ಇಲ್ಲಿ ಫಾರಿನ್ ಎಂದರೆ ಸಂಪರ್ಕದ ಆಚೆ ತುದಿ ಅಷ್ಟೇ. ಪಕ್ಕದ ಕೋಣೆಯ ಪ್ರಿಂಟರ್ ಆದರೂ ಫಾರಿನ್ನೇ” ಎಂದಳು. ವಿಳಾಸದ ಕೊನೆಗೆ 443 ಎಂದಿದ್ದ ಸಾಲುಗಳು ಬ್ರೌಸರಿನಲ್ಲಿ ನಾನೇ ತೆರೆದಿಟ್ಟ ಪುಟಗಳವು. ಸುರಕ್ಷಿತ ಜಾಲತಾಣಗಳು ಸಾಮಾನ್ಯವಾಗಿ ಬಳಸುವ ಪೋರ್ಟ್, ಅಂದರೆ ಸಂಪರ್ಕದ ಬಾಗಿಲಿನ ಸಂಖ್ಯೆ, ಅದು. 127.0.0.1 ಎಂದಿದ್ದ ನಾಲ್ಕು ಸಾಲುಗಳಂತೂ ಕಂಪ್ಯೂಟರು ತನ್ನೊಡನೆ ತಾನೇ ಮಾತನಾಡುತ್ತಿದ್ದದ್ದು. ಎಸ್ಟಾಬ್ಲಿಷ್ಡ್ ಎಂದರೆ ಸಂಪರ್ಕ ಕೂಡಿದೆ ಎಂದರ್ಥ, ‘ಟೈಮ್ ವೇಟ್’ ಎಂದರೆ ಮುಗಿದ ಸಂಪರ್ಕ ಪಟ್ಟಿಯಿಂದ ಅಳಿಯಲು ಕಾಯುತ್ತಿದೆ ಎಂದರ್ಥ. ಆ ಕಾಲಂಗೆ ಇಂಥ ಹೆಸರಿಟ್ಟವರ ಮೇಲೂ ನನಗೆ ಸ್ವಲ್ಪ ಸಿಟ್ಟಿದೆ.

ಹೆದರಿದವಳನ್ನು ಮುಂದೆ ನಡೆಸುವುದು ಅವನಿಗೆ ಕಷ್ಟವಾಗಲಿಲ್ಲ. ದೂರದಿಂದ ಪರದೆ ನಿಯಂತ್ರಿಸುವ ಆ್ಯಪ್ ಹಾಕಿಸಿದ, ಅದು ತೋರಿಸಿದ ಸಂಖ್ಯೆಯನ್ನು ಓದಿ ಹೇಳಿದೆ. ರೌಟರಿನ ಹಿಂದಿರುವ ಕಂಪ್ಯೂಟರನ್ನು ಹೊರಗಿನವರು ನೇರವಾಗಿ ಮುಟ್ಟುವುದು ಸುಲಭವಲ್ಲ. ಸಂಪರ್ಕ ಒಳಗಿನಿಂದ ಶುರುವಾಗಬೇಕು. ಅದಕ್ಕೇ ನನ್ನ ಕೈಯಿಂದಲೇ ಬಾಗಿಲು ತೆಗೆಸಿದ. ಆ ಪಟ್ಟಿಯಲ್ಲಿ ಇರಬಾರದ ಸಂಪರ್ಕವೊಂದು ಸೇರಿಕೊಂಡದ್ದು ಆ ಕ್ಷಣದಲ್ಲಿ, ಹದಿನೆಂಟನೆಯದಾಗಿ.

‘ಜಾಲ ಭದ್ರತಾ ಶುಲ್ಕ’ವೆಂದು ಹಣ ಕಟ್ಟಿಸಿಕೊಂಡ. ಕಟ್ಟಿ ಮುಗಿಸಿದರೂ ಬ್ಯಾಂಕಿನ ಪುಟ ಮುಚ್ಚಲಿಲ್ಲ. ಮೌಸ್ ಮುಟ್ಟದಿದ್ದರೂ ಬಾಣದ ಗುರುತು ಸರಿದು ಹಣ ವರ್ಗಾವಣೆಯ ಗುಂಡಿಯ ಬಳಿ ನಿಂತಿತು, ಮರುಕ್ಷಣ ಪರದೆ ಕಪ್ಪಾಯಿತು. “ಸ್ಕ್ಯಾನ್ ನಡೆಯುತ್ತಿದೆ, ಏನನ್ನೂ ಮುಟ್ಟಬೇಡಿ” ಎಂದ. ಯಾವ ದೇವರು ಬುದ್ಧಿ ಕೊಟ್ಟನೋ, ಎದ್ದು ಹೋಗಿ ರೌಟರಿನ ಪ್ಲಗ್ ಕಿತ್ತೆ. ಎರಡನೆಯ ವರ್ಗಾವಣೆ ಅರ್ಧಕ್ಕೆ ನಿಂತಿತು. ಮೊದಲನೆಯದು ವಾಪಸು ಬರಲೇ ಇಲ್ಲ.

ಕೆಲವು ದಿನಗಳ ನಂತರ ಬೇರೊಂದು ದನಿ, ಕಳೆದುಕೊಂಡ ಹಣ ಹಿಂದಿರುಗಿಸುತ್ತೇವೆ ಎಂದು. ಒಮ್ಮೆ ಮೋಸಹೋದವರ ಬೆನ್ನು ಇವರು ಬಿಡುವುದಿಲ್ಲ. “ನಿಮ್ಮ ಐಪಿ 192.168ರಿಂದ ಶುರುವಾಗುತ್ತದಲ್ಲವೇ ಮೇಡಂ?” “ನಿಮ್ಮದೂ ಅಲ್ಲಿಂದಲೇ ಇರಬೇಕಲ್ಲ?” ಎಂದೆ. ಫೋನ್ ಇಟ್ಟರು.

ಯಾರಾದರೂ ತಾವಾಗಿ ಕರೆ ಮಾಡಿ ಕಪ್ಪು ಕಿಟಕಿ ತೆರೆಯಿರಿ ಎಂದರೆ ಅಲ್ಲಿಗೇ ಮಾತು ನಿಲ್ಲಿಸಿ. ಸಂಶಯವಿದ್ದರೆ ಬಿಲ್ಲಿನ ಮೇಲಿರುವ ಸಂಖ್ಯೆಗೆ ನೀವೇ ಕರೆ ಮಾಡಿ. ಅವರು ಕೊಟ್ಟ ಸಂಖ್ಯೆಗೆ ಬೇಡ. ಈಗಾಗಲೇ ಒಳಗೆ ಬಿಟ್ಟುಕೊಂಡಿದ್ದರೆ ಮೊದಲು ಕೇಬಲ್ ಕೀಳಿ, ವೈಫೈ ಆರಿಸಿ, ಬ್ಯಾಂಕಿಗೆ ತಿಳಿಸಿ. ಪಾಸ್‌ವರ್ಡುಗಳನ್ನು ಬೇರೊಂದು ಸಾಧನದಿಂದ ಬದಲಿಸಿ. ನಾನು ಅವಸರದಲ್ಲಿ ಅದೇ ಕಂಪ್ಯೂಟರಿನಲ್ಲಿ ಬದಲಿಸಿದೆ, ಆ ಆ್ಯಪ್ ಇನ್ನೂ ಅದರೊಳಗೇ ಇತ್ತು. ಇಡೀ ಯಂತ್ರವನ್ನು ಅಳಿಸಿ ವಿಂಡೋಸ್ ಹೊಸದಾಗಿ ಹಾಕಿದ ಮೇಲೆ ಎಲ್ಲ ಪಾಸ್‌ವರ್ಡುಗಳನ್ನೂ ಎರಡನೆಯ ಸಲ ಬದಲಿಸಬೇಕಾಯಿತು.